ಡಯಾಲಿಸಿಸ್ ರೋಗಿಗಳಿಗೆ ಬೂಸ್ಟರ್ ಯಾಕೆ ಬೇಕು?

ಲಾಕ್‌ಡೌನ್‌ನಲ್ಲಿ ನಾವೆಲ್ಲ ಮನೇಲಿ ಕೂತು ಆನ್‌ಲೈನ್ ಕ್ಲಾಸ್ ಕೇಳಿದ್ವಿ. ಡಯಾಲಿಸಿಸ್ ರೋಗಿಗಳಿಗೆ ಆ ಅನುಕೂಲ ಇರಲಿಲ್ಲ. ವಾರಕ್ಕೆ 2-3 ಸಲ, ಪ್ರತಿ ಸಲ ಸುಮಾರು 4 ಗಂಟೆ ಆಸ್ಪತ್ರೆಯಲ್ಲಿ ಇರಲೇಬೇಕು. ಅಂದ್ರೆ ಸೋಂಕಿನ ಭಯ ಜಾಸ್ತಿ.

ಆದರೆ ಲಸಿಕೆ ಕಡಿಮೆ ಕೆಲಸ ಮಾಡೋದೂ ಇವರಲ್ಲೇ. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಸೇರುವ ಕಲ್ಮಶಗಳನ್ನು ಯಂತ್ರ ಪೂರ್ತಿ ತೆಗೆಯಲಾರದು. ಅವು ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನೂ ಅವಕ್ಕೆ ನೆರವಾಗುವ ಟಿ ಕೋಶಗಳನ್ನೂ ದುರ್ಬಲಗೊಳಿಸುತ್ತವೆ. ಹೀಗಾಗಿ 2 ಡೋಸ್ ಆದಮೇಲೂ ಪ್ರತಿಕಾಯಗಳು ಕಡಿಮೆ ಹುಟ್ಟುತ್ತವೆ, ಕೆಲವೇ ತಿಂಗಳಲ್ಲಿ ಇಳಿಯುತ್ತವೆ. ವೈದ್ಯರಿಗೆ ಇದು ಹಳೇ ವಿಷಯ. ಹೆಪಟೈಟಿಸ್ ಬಿ ಲಸಿಕೆಯನ್ನೂ ಇವರಿಗೆ ದುಪ್ಪಟ್ಟು ಪ್ರಮಾಣದಲ್ಲಿ ಕೊಡ್ತಾರೆ.

ಬೂಸ್ಟರ್ ಡೋಸ್ ನೆನಪಿನ ಕೋಶಗಳನ್ನು ಮತ್ತೆ ಎಬ್ಬಿಸುತ್ತದೆ. 3ನೇ ಡೋಸ್ ನಂತರ ಹೆಚ್ಚಿನ ರೋಗಿಗಳಲ್ಲಿ ಪ್ರತಿಕಾಯ ಚೆನ್ನಾಗಿ ಏರಿದ್ದನ್ನು ಅಧ್ಯಯನಗಳು ತೋರಿಸಿವೆ. ಕೆಲವರಲ್ಲಿ ಆಗಲೂ ಏರಲ್ಲ.

ನಮ್ಮ ದೇಶದಲ್ಲಿ ಇದು 'ಮುನ್ನೆಚ್ಚರಿಕೆ ಡೋಸ್' ಹೆಸರಲ್ಲಿ 2022ರ ಜನವರಿ 10ಕ್ಕೆ ಶುರುವಾಯ್ತು. ಆದರೆ ಆಗ ರೋಗಿಗಳ ಪೈಕಿ ಸಿಕ್ಕಿದ್ದು 60 ತುಂಬಿದವರಿಗೆ ಮಾತ್ರ. ಉಳಿದ ವಯಸ್ಕರು ಏಪ್ರಿಲ್ 10ರವರೆಗೆ ಕಾಯಬೇಕಾಯ್ತು. ಕಿಡ್ನಿ ಕೆಟ್ಟ ಮೇಲೆ 30 ವರ್ಷದವರ ರೋಗನಿರೋಧಕ ಶಕ್ತಿಯೂ ಕುಗ್ಗಿರುತ್ತೆ. ಸರದಿ ಮಾಡುವಾಗ ವಯಸ್ಸಿನ ಜೊತೆ ಇದನ್ನೂ ಲೆಕ್ಕಕ್ಕೆ ತಗೋಬೇಕು ಅನ್ನೋದು ನಾವು ಕಲಿಯಬೇಕಾದ ಪಾಠ.