ಎರೆಬಯಲಿನ ತೋಟಗಳಿಗೆ ಗಾಳಿ ತಡೆಯುವ ಹಸುರು ಬೇಲಿ

ಕಡಲತೀರದ ತೋಟಗಳಿಗೆ ಉಪ್ಪುಗಾಳಿಯು ಹೇಗೆ ಶತ್ರುವೋ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೋಟಗಳಿಗೆ ಬಯಲಿನ ಬಿರುಗಾಳಿಯು ಹಾಗೆಯೇ ಶತ್ರುವಾಗಿರುವುದು. ಅಮರ್ಜಾ ಹೊಳೆಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುವ ಪ್ರದೇಶವು ಬಹುಪಾಲು ತೆರೆದ ಎರೆಭೂಮಿ. ಇಲ್ಲಿ ಬೇಸಗೆಯ ಒಣಗಾಳಿಯು ನೆಲದ ತೇವವನ್ನು ಹೀರುವುದು. ಮುಂಗಾರಿನ ಗಾಳಿಯು ಬಾಳೆಯ ಎಲೆಗಳನ್ನು ಸೀಳುವುದು. ನಿಂಬೆಯ ಕಾಯಿಗಳು ತಮ್ಮ ಮುಳ್ಳುಗಳಿಗೇ ತಾಗಿ ಗಾಯಗೊಳ್ಳುವುವು. ಆ ಗಾಯದ ಮೂಲಕ ಕಜ್ಜಿರೋಗವು ಒಳಹೊಗುವುದು.

ಇದಕ್ಕೆ ಕಲ್ಲಿನ ಗೋಡೆಯು ಸರಿಯಾದ ಪರಿಹಾರವಲ್ಲ. ಯಾತಕ್ಕೆಂದರೆ ಗೋಡೆಗೆ ಬಡಿದ ಗಾಳಿಯು ಮೇಲೆದ್ದು ಆಚೆಗೆ ಸುಳಿಯಾಗಿ ಬೀಳುವುದು. ಅರ್ಧದಷ್ಟು ಗಾಳಿಯನ್ನು ಸೋಸಿ ಬಿಡುವ ಗಿಡಗಳ ಸಾಲೇ ಉತ್ತಮ. ಅದರ ರಕ್ಷಣೆಯು ಸಾಲಿನ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ಚೆನ್ನಾಗಿ ದೊರೆಯುವುದು. 20 ಅಡಿಯ ಮರಗಳಿಂದ 200 ಅಡಿ. ಮುಂಗಾರಿನ ಗಾಳಿಗೆ ಅಡ್ಡವಾಗಿ ತೋಟದ ಪಶ್ಚಿಮ ಹಾಗೂ ನೈಋತ್ಯ ಅಂಚುಗಳಲ್ಲಿ ಇದನ್ನು ಬೆಳೆಸತಕ್ಕದ್ದು.

ಕಾರವಾರದ ಕಡಲತೀರದಲ್ಲಿ ಸರ್ವೆಮರವನ್ನು ಕಂಡವರು ಅದನ್ನೇ ತರಲು ಬಯಸುವುದುಂಟು. ಅದು ಮರಳುನೆಲದ ಮರ; ಮಳೆಗಾಲದಲ್ಲಿ ನೀರು ನಿಲ್ಲುವ ಜಿಗುಟು ಎರೆಯಲ್ಲಿ ಏಳಿಗೆ ಹೊಂದದು. ಇಲ್ಲಿಗೆ ಕರಿಜಾಲಿಯೇ ತಕ್ಕದ್ದು. ನೀರು ಬಸಿಯುವ ಬದುವಿನ ಮೇಲೆ ಬೇವನ್ನೂ ಹಾಕಬಹುದು. ಹೊರಸಾಲಿಗೆ ಕವಳಿ ಅಥವಾ ಸೀಮೆಹುಣಸೆಯನ್ನು 2 ಅಡಿಗೊಂದರಂತೆ ಒತ್ತಾಗಿ ನೆಟ್ಟರೆ ದನಗಳ ಕಾಟವೂ ತಪ್ಪುವುದು. ಒಳಸಾಲಿನ ಮರಗಳಿಗೆ 10 ಅಡಿಯ ಅಂತರ ಬೇಕು. ಇವು ಬೆಳೆಯುವ ತನಕ, ಎಲೆಬಳ್ಳಿಯ ತೋಟದವರಿಗೆ ಪರಿಚಿತವಾದ ಚೊಗಚೆಯು ಬೇಗನೆ ಮರೆಯಾಗಿ ನಿಲ್ಲುವುದು. ಆದರೆ ಅದರ ಆಯುಷ್ಯವು ಅಲ್ಪ.

ಬಳ್ಳಾರಿ ಜಾಲಿಯನ್ನು ಮಾತ್ರ ಯಾರೂ ನೆಡಬಾರದು. ದನಕುರಿಗಳು ಅದರ ಕಾಯಿಯನ್ನು ತಿಂದು ಸಗಣಿ ಹಿಕ್ಕೆಗಳ ಮೂಲಕ ಬೀಜವನ್ನು ಊರೆಲ್ಲ ಹರಡುವುವು. ಒಮ್ಮೆ ಹೊಲಕ್ಕೆ ಹೊಕ್ಕರೆ ಕಿತ್ತು ಮುಗಿಸುವುದು ದುಸ್ತರ.

ಮರದ ಬೇರುಗಳು ಬೆಳೆಯ ನೀರನ್ನು ಕಸಿಯುವವೆಂಬ ಆಕ್ಷೇಪಣೆಯು ನಿಜವೇ. ಆದುದರಿಂದ ತೋಟದ ಗಿಡಗಳನ್ನು ಸಾಲಿನಿಂದ 20 ಅಡಿ ಈಚೆಗೆ ಹಾಕಿ, ನಡುವೆ 3 ಅಡಿ ಆಳದ ಕಾಲುವೆ ತೋಡಿ ಬೇರುಗಳನ್ನು ಕಡಿಯತಕ್ಕದ್ದು. ನೆರೆಯ ಹೊಲದ ತೊಗರಿಗೂ ಈ ಬಾಧೆ ತಟ್ಟುವುದರಿಂದ ಗ್ರಾಮದ ಹಿರಿಯರು ಮೊದಲೇ ಇಬ್ಬರನ್ನೂ ಕೂರಿಸಿ ಎಲ್ಲೆಯನ್ನು ಗೊತ್ತುಮಾಡುವುದು ಲೇಸು. ಸಾಧ್ಯವಾದರೆ ಇಬ್ಬರ ಸಾಲುಗಳೂ ಒಂದಕ್ಕೊಂದು ಕೂಡಲಿ. ನಡುವೆ ಖಾಲಿ ಬಿಟ್ಟಲ್ಲಿ ಗಾಳಿಯು ಇನ್ನಷ್ಟು ರಭಸದಿಂದ ನುಗ್ಗುವುದು. ಸಸಿ ಸತ್ತ ಜಾಗಗಳನ್ನು ಮರುವರ್ಷದ ಮೃಗಶಿರಾ ಮಳೆಗೆ ತುಂಬಬೇಕು.