ಸಪ್ತಾಪುರದ ಎತ್ತರದಲ್ಲಿ ಯೆಜ್ಡಿಯ ಹದ

ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲಿನ ಕಾರ್ಬೊರೇಟರನ್ನು ಹದಕ್ಕೆ ತರುವ ಕೆಲಸವು ಕಾರ್ಬೊರೇಟರಿನ ಹೊರಗೆ ಆರಂಭವಾಗುತ್ತದೆಂಬುದು, ಧಾರವಾಡದ ಸಪ್ತಾಪುರದ ಮನೆಯಂಗಳದಲ್ಲಿ ಹಲವು ಮಳೆಗಾಲ ಅಂಥದೊಂದು 250 ಸಿ.ಸಿ. ಗಾಡಿಯನ್ನು ಬಿಚ್ಚಿ ಜೋಡಿಸಿದ ಪ್ರಸ್ತುತ ಲೇಖಕನಿಗೆ ತಡವಾಗಿ ಮನವರಿಕೆಯಾದ ಸಂಗತಿ. ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರು ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ ಜಾವಾ ಹೆಸರಿನಲ್ಲಿಯೂ 1970ರ ದಶಕದಿಂದ ಯೆಜ್ಡಿ ಹೆಸರಿನಲ್ಲಿಯೂ ತಯಾರಿಸಿದ ಈ ಗಾಡಿಗಳು 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಓಡುತ್ತಲೇ ಇವೆ. ಆದರೆ ಅವುಗಳ ಮೂಲ ಬಿಡಿಭಾಗಗಳು ಕೈಯಿಂದ ಕೈಗೆ ದಾಟಿ ಬೆರೆತುಹೋಗಿರುವುದರಿಂದ, ಪ್ರತಿಯೊಂದು ಗಾಡಿಯ ಹದವನ್ನೂ ಅದರದೇ ಲೆಕ್ಕದಲ್ಲಿ ಹುಡುಕಬೇಕಾಗುತ್ತದೆ.

ಕಾರ್ಬೊರೇಟರ್ ಎಂದರೆ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಗೆ ಪೆಟ್ರೋಲನ್ನು ಅಳೆದು ಬೆರೆಸುವ ಸಾಧನ. ಇದರ ತಳದ ಬಟ್ಟಲಿನಲ್ಲಿ ತೇಲುವ ಫ್ಲೋಟ್ ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ಜೆಟ್ ಎಂಬ ಹಿತ್ತಾಳೆಯ ಸಣ್ಣ ರಂಧ್ರ ಪೆಟ್ರೋಲನ್ನು ಅಳೆದು ಬಿಡುತ್ತದೆ. ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡ್ ಗಾಳಿಯ ದಾರಿಯನ್ನು ತೆರೆಯುತ್ತ, ತನಗೆ ಜೋಡಿಸಿದ ಸೂಜಿಯನ್ನೂ ಮೇಲಕ್ಕೆಳೆಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲ್ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ದಟ್ಟವಾಯಿತೆಂದೂ ಕಡಿಮೆಯಾದರೆ ತೆಳುವಾಯಿತೆಂದೂ ಹೇಳಬಹುದು. ಇವೆರಡೂ ತಪ್ಪುಗಳೇ ಆದರೂ ಸಮಾನ ತಪ್ಪುಗಳಲ್ಲ. ಟೂ-ಸ್ಟ್ರೋಕ್ ಯೆಜ್ಡಿಯಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನಲ್ಲಿಯೇ ಕಲೆತು ಬರುವುದರಿಂದ, ಮಿಶ್ರಣ ತೆಳುವಾದಾಗ ಎಂಜಿನ್ ಹೆಚ್ಚು ಕಾಯುವುದರ ಜೊತೆಗೆ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ದಟ್ಟ ಮಿಶ್ರಣವಾದರೋ ಹೊಗೆ ಎಬ್ಬಿಸಿ ಪ್ಲಗ್ ಕಪ್ಪಾಗಿಸುವುದಕ್ಕಷ್ಟೇ ನಿಲ್ಲುತ್ತದೆ. ಮೈಲೇಜಿನ ಆಸೆಗೆ ಮಿಶ್ರಣವನ್ನು ತೆಳುಗೊಳಿಸುವ ರೂಢಿ ಈ ಗಾಡಿಗಳಿಗೆ ಮಾಡುವ ಅನ್ಯಾಯವೆಂದು ಈ ಲೇಖಕನ ದೃಢ ಅಭಿಪ್ರಾಯ.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು, ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಸಿ.ಬಿ. ಪಾಯಿಂಟಿನ ಅಂತರ 0.4 ಮಿ.ಮೀ. ಇದೆಯೇ, ಟೈಮಿಂಗ್ ಸರಿಯಿದೆಯೇ, ಸೈಲೆನ್ಸರಿನಲ್ಲಿ ಮಸಿ ಗಟ್ಟಿಯಾಗಿ ಕಟ್ಟಿಕೊಂಡಿದೆಯೇ ಎಂಬುದನ್ನೆಲ್ಲ ನೋಡಬೇಕು. ಇವೆಲ್ಲಕ್ಕಿಂತ ಮೋಸಗೊಳಿಸುವುದು ಕ್ರ್ಯಾಂಕಿನ ಆಯಿಲ್ ಸೀಲ್. ಕ್ಲಚ್ ಬದಿಯ ಸೀಲ್ ಹರಿದರೆ ಗೇರ್ ಆಯಿಲ್ ಒಳಸೇರಿ ಬಿಳಿ ಹೊಗೆ ಏಳುವುದರಿಂದ ದೋಷ ಎದ್ದು ಕಾಣುತ್ತದೆ. ಡೈನಮೋ ಬದಿಯದು ಹರಿದಾಗ ಬರೀ ಗಾಳಿ ಒಳಹೋಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಏರಿದ ವೇಗದಲ್ಲಿಯೇ ಕೂಗುತ್ತಿರುತ್ತದೆ. ಲೇಖಕನು ಇದನ್ನು ಕಾರ್ಬೊರೇಟರಿನ ದೋಷವೆಂದೇ ಭಾವಿಸಿ, ಒಂದು ಇಡೀ ಬೇಸಿಗೆ ಜೆಟ್ಟುಗಳನ್ನು ಬದಲಿಸುತ್ತ ಕಳೆದದ್ದುಂಟು. ಇನ್ನೊಮ್ಮೆ ಊರಿನ ಗ್ಯಾರೇಜೊಂದರಲ್ಲಿ, ಕಸ ಕಟ್ಟಿಕೊಂಡ ಜೆಟ್ಟನ್ನು ಉಕ್ಕಿನ ತಂತಿಯಿಂದ ಚುಚ್ಚಿ ಬಿಡಿಸಿದ್ದರಿಂದ ಮೆದುವಾದ ಹಿತ್ತಾಳೆ ಸವೆದು ರಂಧ್ರ ಹಿಗ್ಗಿತು. ಜೆಟ್ಟಿನ ಮೇಲೆ ಕೊರೆದ ಸಂಖ್ಯೆ ಹಾಗೆಯೇ ಉಳಿದಿದ್ದರಿಂದ, ಪ್ಲಗ್ ಏಕೆ ಪದೇಪದೇ ಕಪ್ಪಾಗುತ್ತಿದೆಯೆಂಬುದು ತಿಂಗಳುಗಟ್ಟಲೆ ತಿಳಿಯಲಿಲ್ಲ. ಪೆಟ್ರೋಲಿನಲ್ಲಿ ನೆನೆಸಿ, ಪಂಪಿನ ಗಾಳಿ ಊದುವುದಷ್ಟೇ ಜೆಟ್ಟಿಗೆ ಸಲ್ಲುವ ಶುಚಿಕಾರ್ಯ.

ಐಡ್ಲಿಂಗಿನ ಮಿಶ್ರಣಕ್ಕೆ ಸೇರುವ ಗಾಳಿಯನ್ನು ನಿಯಂತ್ರಿಸುವ ಏರ್ ಸ್ಕ್ರೂ ಹೊಂದಿಸುವುದು ಎಂಜಿನ್ ಚೆನ್ನಾಗಿ ಕಾದ ಮೇಲಿನ ಮಾತು. ಅದನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ಕೂರಿಸಿ, ಸುಮಾರು ಒಂದೂವರೆ ಸುತ್ತು ಹೊರಕ್ಕೆ ತಂದು, ಅಲ್ಲಿಂದ ಕಾಲು ಸುತ್ತಿನಂತೆ ಅತ್ತಿತ್ತ ತಿರುಗಿಸುತ್ತ ಎಂಜಿನ್ ಎಲ್ಲಿ ಹೆಚ್ಚು ಚುರುಕಾಗಿ ತಿರುಗುತ್ತದೋ ಅಲ್ಲಿ ನಿಲ್ಲಿಸಿ, ಆಮೇಲೆ ಸ್ಲೈಡಿನ ಸ್ಕ್ರೂವಿನಿಂದ ಐಡ್ಲಿಂಗ್ ಇಳಿಸಬೇಕು. ಏರ್ ಸ್ಕ್ರೂವಿನ ಅಧಿಕಾರ ಆಕ್ಸಿಲರೇಟರಿನ ಮೊದಲ ಎಂಟನೆಯ ಒಂದು ಭಾಗಕ್ಕೆ ಹೆಚ್ಚುಕಡಿಮೆ ಸೀಮಿತ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಸೂಜಿಯದೂ ಅದರಾಚೆ ಮುಖ್ಯ ಜೆಟ್ಟಿನದೂ ಕಾರುಬಾರು. ಆದ್ದರಿಂದ ಹಿಡಿಕೆಯ ಮೇಲೆ ಟೇಪಿನ ಗುರುತು ಅಂಟಿಸಿಕೊಂಡು, ವಿಶ್ವವಿದ್ಯಾಲಯದ ಕಡೆಯ ಏರಿನಲ್ಲಿ ಯಾವ ಗುರುತಿನ ಹತ್ತಿರ ಗಾಡಿ ತಡವರಿಸುತ್ತದೆಂದು ನೋಡಿದರೆ, ಯಾವ ಭಾಗಕ್ಕೆ ಕೈ ಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ. ಎರಡು ಕಾರ್ಬೊರೇಟರುಗಳ ರಾಜದೂತ್ 350ರಲ್ಲಿ ಇದಕ್ಕೂ ಮೊದಲು, ಎರಡು ಸ್ಲೈಡುಗಳೂ ಒಂದೇ ಕ್ಷಣದಲ್ಲಿ ಮೇಲೇಳುವಂತೆ ಕೇಬಲ್ ಹೊಂದಿಸಬೇಕು. ಒಂದು ಹಿಂದೆ ಬಿದ್ದರೆ ಒಂದು ಸಿಲಿಂಡರ್ ಇನ್ನೊಂದನ್ನು ಎಳೆದುಕೊಂಡು ಓಡುತ್ತದೆ.

ಇತ್ತೀಚೆಗೆ ಪೆಟ್ರೋಲೇ ಬದಲಾಗಿದೆ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಬೇಕಾದ ಗಾಳಿ ಸುಮಾರು 13.5 ಪಾಲು ಮಾತ್ರವಾದ್ದರಿಂದ, ಹಳೆಯ ಜೆಟ್ಟಿನಲ್ಲಿ ಅದೇ ಗಾಡಿ ತೆಳುವಾಗಿ ಓಡುತ್ತದೆ. ಎಥೆನಾಲ್ ನೀರನ್ನು ಹೀರುವ ಗುಣವುಳ್ಳದ್ದಾಗಿರುವುದರಿಂದ, ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ಕೂರಬಹುದು, ಫ್ಲೋಟ್ ಬಟ್ಟಲಿನಲ್ಲಿ ಕಿಲುಬು ಕಟ್ಟಬಹುದು. ನಲ್ಲಿ ಮುಚ್ಚಿ, ಬಟ್ಟಲಿನ ಪೆಟ್ರೋಲ್ ತೀರುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುವ ಅಭ್ಯಾಸ ಬಟ್ಟಲಿನ ಕಿಲುಬಿಗೆ ಸುಲಭದ ಉಪಾಯ.

ಕೊನೆಯದು ಎತ್ತರದ ವಿಚಾರ. ಧಾರವಾಡವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದು, ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇ. 7ರಷ್ಟು ವಿರಳ. ಸಪ್ತಾಪುರದಲ್ಲಿ ಪ್ಲಗ್ಗಿನ ತುದಿ ಬಿಸ್ಕಿಟ್ ಬಣ್ಣಕ್ಕೆ ಬರುವಂತೆ ಹೊಂದಿಸಿದ ಗಾಡಿಯು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆ ಸೇರುವಷ್ಟರಲ್ಲಿ ತೆಳುವಾಗುತ್ತದೆ. ಮರಳಿ ಬರುವಾಗ ಘಟ್ಟದ ಬುಡದ ದಟ್ಟ ಗಾಳಿಯಲ್ಲಿ, ಹಿಂದೆ ಸವಾರನನ್ನು ಕೂರಿಸಿಕೊಂಡು, ಕೆಳ ಗೇರಿನಲ್ಲಿ ಏರತೊಡಗಿದ ಎಂಜಿನ್ನಿಗೆ ಅತಿ ಹೆಚ್ಚು ಎಣ್ಣೆ ಬೇಕಾದಾಗಲೇ ಅದು ಕಡಿಮೆ ಸಿಗುತ್ತದೆ. ಲೇಖಕನ ಗಾಡಿಯ ಪಿಸ್ಟನ್ ಒಮ್ಮೆ ಕಚ್ಚಿಕೊಂಡದ್ದು ಅದೇ ಏರಿನ ಅರ್ಧದಾರಿಯಲ್ಲಿ. ಅಲ್ಲಿಂದೀಚೆಗೆ ಕರಾವಳಿಗೆ ಹೊರಡುವ ಹಿಂದಿನ ಸಂಜೆ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ, ಅಂದರೆ ಸೂಜಿಯನ್ನು ಅಷ್ಟು ಮೇಲೆತ್ತಿ ಮಿಶ್ರಣವನ್ನು ದಟ್ಟಗೊಳಿಸಿ, ಸಪ್ತಾಪುರಕ್ಕೆ ಮರಳಿದ ಮೇಲೆಯೇ ಅದನ್ನು ಹಳೆಯ ಕಚ್ಚಿಗೆ ತರಲಾಗುತ್ತಿದೆ.