ಕುರಿ ಕಾಯುವ ಜಡೆನಾಯಿ ಮತ್ತು ನಮ್ಮ ಮುಧೋಳ ನಾಯಿ

ಮುಧೋಳ ಅಂದ ಕೂಡಲೇ ನಮ್ಮ ಗುರುಗಳು ಕವಿಚಕ್ರವರ್ತಿ ರನ್ನನ ಹೆಸರು ಹೇಳುತ್ತಾರೆ. ನಾವು ಹುಡುಗರು ಮಾತ್ರ ಮೊದಲು ನಾಯಿಯ ಹೆಸರು ಹೇಳುತ್ತೇವೆ. ಎರಡೂ ಖರೇನೇ. ಆದರೆ ಗೆಳೆಯರೇ, ಎಲ್ಲ ನಾಯಿಯೂ ಎಲ್ಲ ಕೆಲಸ ಮಾಡುವುದಿಲ್ಲ. ಕುರಿ ಕಾಯುವ ನಾಯಿ ಬೇರೆ, ಬೇಟೆಗೆ ಓಡುವ ನಾಯಿ ಬೇರೆ. ಇದನ್ನು ತಿಳಿಯದೆ ಸಾಕಿದರೆ ನಾಯಿಗೂ ತ್ರಾಸು, ಸಾಕಿದವರಿಗೂ ತ್ರಾಸು.

ಮೊದಲು ದೂರದ ದೇಶದ ಒಂದು ನಾಯಿ ನೋಡೋಣ. ಯುರೋಪಿನಲ್ಲಿ ಹಂಗೇರಿ ಎಂಬ ದೇಶವಿದೆ. ಅಲ್ಲಿಯ ಕುರಿಗಾರರ ನಾಯಿಯ ಹೆಸರು ಕೊಮೊಂಡೋರ್. ಬಣ್ಣ ಬಿಳಿ. ಮೈತುಂಬ ಕೂದಲು ಹಗ್ಗದಂತೆ ಹೊಸೆದುಕೊಂಡು ಜಡೆಜಡೆಯಾಗಿ ಇಳಿಬಿದ್ದಿರುತ್ತದೆ. ಕಣ್ಣು ಸಹ ಸರಿಯಾಗಿ ಕಾಣುವುದಿಲ್ಲ! ಇದಕ್ಕೆ ಎರಡು ನಮೂನಿ ಕೂದಲು ಇವೆ. ಒಳಗಿನದು ಮೆತ್ತಗೆ, ಹೊರಗಿನದು ಒರಟು. ಉದುರಿದ ಒಳಗೂದಲು ನೆಲಕ್ಕೆ ಬೀಳದೆ ಹೊರಗೂದಲಿನಲ್ಲೇ ಸಿಕ್ಕಿಕೊಂಡು ಗಂಟಾಗುತ್ತದೆ. ಉಣ್ಣೆಯನ್ನು ತಿಕ್ಕಿ ತಿಕ್ಕಿ ಒತ್ತಿದರೆ ಬಿಗಿಯಾಗಿ ಕೂಡಿಕೊಳ್ಳುತ್ತದಲ್ಲ, ಹಾಗೆಯೇ ಇದು. ಮರಿಗೆ ಜಡೆ ಇರುವುದಿಲ್ಲ. ಎರಡು ವರ್ಷದ ಹೊತ್ತಿಗೆ ಜಡೆ ಚೆನ್ನಾಗಿ ಕಟ್ಟುತ್ತದೆ. ತೋಳ ಬಾಯಿ ಹಾಕಿದರೆ ಹಲ್ಲಿಗೆ ಸಿಗುವುದು ಜಡೆ, ಚರ್ಮವಲ್ಲ. ಚಳಿ ಮಳೆಗೂ ಇದೇ ಕಂಬಳಿ.

ಈ ಜಡೆಯನ್ನು ಬಾಚಬಾರದು. ಒಂದಕ್ಕೊಂದು ಅಂಟಿ ಹಲಗೆಯಾಗದಂತೆ ಕೈಯಿಂದ ಬಿಡಿಸುತ್ತಿರಬೇಕು. ಸ್ನಾನ ಮಾಡಿಸಿದರೆ ಒಣಗಲಿಕ್ಕೆ ಒಂದೆರಡು ದಿನ ಬೇಕಾಗಬಹುದು. ಸರಿಯಾಗಿ ಒಣಗದಿದ್ದರೆ ವಾಸನೆ ಹೊಡೆಯುತ್ತದೆ, ಚರ್ಮ ಕೆಡುತ್ತದೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಅದನ್ನು ತಂದು ಕಟ್ಟಿದರೆ ಅದರ ಗತಿ ಏನು? ನೀವೇ ವಿಚಾರ ಮಾಡಿರಿ.

ಈಗ ನಮ್ಮ ಮುಧೋಳ ನಾಯಿ. ಇದಕ್ಕೆ ಕಾರವಾನ್ ನಾಯಿ ಎಂದೂ ಹೆಸರಿದೆ. ಉದ್ದ ಮೋರೆ, ಆಳವಾದ ಎದೆ, ಒಳಕ್ಕೆ ಸರಿದ ಹೊಟ್ಟೆ, ಗಿಡ್ಡ ನುಣುಪು ಕೂದಲು, ಉದ್ದ ಕಾಲು. ಗಂಡುನಾಯಿ 68ರಿಂದ 72 ಸೆಂ.ಮೀ. ಎತ್ತರ, ತೂಕ 22ರಿಂದ 28 ಕಿಲೋ. ಕೊಮೊಂಡೋರ್ ಗಂಡು 70 ಸೆಂ.ಮೀ.ಗಿಂತ ಎತ್ತರ, ತೂಕ ಮಾತ್ರ 50ರಿಂದ 60 ಕಿಲೋ. ಅಂದರೆ ಎತ್ತರ ಹೆಚ್ಚುಕಡಿಮೆ ಒಂದೇ, ತೂಕ ಅರ್ಧ! ಒಂದು ನಿಂತು ತಡೆಯುವ ದೇಹ, ಇನ್ನೊಂದು ಓಡಿ ಹಿಡಿಯುವ ದೇಹ. ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನೇ ಹೆಚ್ಚು ನಂಬುತ್ತದೆ. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು, ಹೋಯಿತು.

ಮುಧೋಳ ಸಂಸ್ಥಾನದ ರಾಜರಾದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜರಿಗೆ ಒಂದು ಜೋಡಿ ಕೊಟ್ಟಿದ್ದರೆಂದು ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆಯವರು ನಾಲ್ಕು ಭಾರತೀಯ ನಾಯಿಗಳ ಅಂಚೆಚೀಟಿ ತಂದರು. ಅದರಲ್ಲಿ ಮುಧೋಳ ನಾಯಿಯೂ ಇದೆ, ಮೈತುಂಬ ದಟ್ಟ ಕೂದಲಿನ ಹಿಮಾಲಯದ ಕುರಿನಾಯಿಯೂ ಇದೆ. ಕುರಿ ಕಾಯುವ ನಾಯಿ ನಮ್ಮ ದೇಶದಲ್ಲೂ ಉಂಟು ಅಂದಂಗಾತು. 2016ರಲ್ಲಿ ಮುಧೋಳ ನಾಯಿಮರಿಗಳನ್ನು ಸೈನ್ಯದವರು ಮೀರತ್‌ಗೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ನಾಯಿಗಾಗಿಯೇ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ.

ನಮ್ಮ ಕಾಕಾನ ಕುರಿದಡ್ಡಿಯಲ್ಲಿ ಎರಡು ನಾಯಿ ಇವೆ. ಒಂದು ಮುಧೋಳ, ಇನ್ನೊಂದು ಹೆಸರಿಲ್ಲದ ತಳಿಯ ಕರೀನಾಯಿ. ಮೊಲ ಕಂಡರೆ ಮುಧೋಳ ನಾಯಿ ಕುರಿ ಬಿಟ್ಟು ಓಡುತ್ತದೆ. ಕರೀನಾಯಿ ಏಳುವುದೇ ಇಲ್ಲ. ಅದು ಕಣ್ಣು ಬಿಟ್ಟಾಗಿನಿಂದ ಕುರಿಮರಿಗಳ ನಡುವೆಯೇ ಮಲಗಿ ಬೆಳೆದದ್ದು. "ಕಾಯೂ ನಾಯಿ ಓಡಬಾರದು, ಓಡೂ ನಾಯಿ ಕಾಯಲಾರದು" ಎಂದು ಕಾಕಾ ಅನ್ನುತ್ತಾನೆ. ಹಂಗೇರಿಯಲ್ಲೂ ಇದೇ ಪದ್ಧತಿ. ಮರಿ ಇದ್ದಾಗಲೇ ಕುರಿಗಳ ಜೊತೆ ಬಿಟ್ಟರೆ ಅದು ಕುರಿಯನ್ನೇ ತನ್ನ ಬಳಗ ಎಂದು ತಿಳಿಯುತ್ತದೆ. ಕುರಿ ಇರುವವರು ಬರೀ ಚಂದ ನೋಡಿ ನಾಯಿ ತರಬಾರದು ಎಂದು ನನಗೆ ಅನ್ನಿಸುತ್ತದೆ.

ಮುಧೋಳ ನಾಯಿಯ ಆರೈಕೆ ಹೀಗೆ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಬಾರದು. ದಿನಾಲೂ ಓಡಾಟ ಬೇಕೇ ಬೇಕು, ಇಲ್ಲವಾದರೆ ಸಿಟ್ಟಿನ ನಾಯಿಯಾಗುತ್ತದೆ. ಉಂಡ ಕೂಡಲೇ ಓಡಿಸಬಾರದು. ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಅದು ಜೀವಕ್ಕೇ ಬರುತ್ತದೆ. ಮೈಮೇಲೆ ಕೊಬ್ಬು ಕಡಿಮೆ, ಆದ್ದರಿಂದ ಚಳಿಗಾಲದಲ್ಲಿ ಹಾಸಲು ಹಳೇ ಗೋಣಿಚೀಲ ಹಾಕಬೇಕು. ಪಕ್ಕೆಲುಬು ಸ್ವಲ್ಪ ಕಾಣುವುದು ಇದರ ಲಕ್ಷಣ, ಉಪವಾಸ ಅಂತ ತಿಳಿಯಬೇಡಿರಿ. ಆದರೆ ಬರೀ ರೊಟ್ಟಿ ಸಾಲದು. ಹಾಲು, ತತ್ತಿ, ಸಾಧ್ಯವಿದ್ದರೆ ಮಾಂಸ ಕೊಡಬೇಕು. ಉಳ್ಳಾಗಡ್ಡಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ನಮ್ಮ ಕಡೆ ದ್ರಾಕ್ಷಿತೋಟ ಇದ್ದವರು ಇದನ್ನು ನೆನಪಿಡಬೇಕು. ಕೂದಲು ಗಿಡ್ಡವಿರುವುದರಿಂದ ಉಣ್ಣಿ ಬೇಗ ಕಾಣುತ್ತವೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನಾ ನೋಡಬೇಕು. ಜಡೆನಾಯಿಗೆ ಈ ಸೌಲಭ್ಯ ಇಲ್ಲ ನೋಡ್ರಿ! ಜಂತಿನ ಔಷಧ ಮತ್ತು ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಪಶುವೈದ್ಯರನ್ನು ಕೇಳಿ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ದವಾಖಾನೆಗೆ ಹೋಗಬೇಕು. ಸುಣ್ಣ, ಖಾರಪುಡಿ ಹಚ್ಚಬಾರದು.

ಇನ್ನೊಂದು ಮಾತು ಉಳಿದಿದೆ. ಬೀಳಗಿ ಮತ್ತು ಮುಧೋಳ ತಾಲ್ಲೂಕಿನ ನಡುವೆ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ. 2016ರಲ್ಲಿ ಸರಕಾರ ಘೋಷಿಸಿತು. ಅಲ್ಲಿ ಸಣ್ಣ ಜಿಂಕೆಗಳಾದ ಚಿಂಕಾರಗಳೂ ತೋಳಗಳೂ ಇವೆ. ಮೊಲ, ಚಿಂಕಾರ ಬೇಟೆಗೆ 1972ರ ವನ್ಯಜೀವಿ ಕಾಯ್ದೆಯಂತೆ ಶಿಕ್ಷೆ ಇದೆ. ನಾಯಿಗೆ ಕಾಯ್ದೆ ಗೊತ್ತಿಲ್ಲ, ಕಂಡದ್ದನ್ನು ಅಟ್ಟುವುದು ಅದರ ರಕ್ತದಲ್ಲಿದೆ. ಆದ್ದರಿಂದ ಆ ಕಡೆ ಹೋಗುವವರು ಮುಧೋಳ ನಾಯಿಯ ಹಗ್ಗವನ್ನು ಕೈಯಲ್ಲೇ ಹಿಡಿದಿರಬೇಕು. ಓಡಿಸುವುದಿದ್ದರೆ ಬೆಳೆ ಕಿತ್ತ ಖುಲ್ಲಾ ಹೊಲದಲ್ಲಿ, ಮುಂಜಾನೆ ಬಿಸಿಲೇರುವ ಮೊದಲು ಓಡಿಸಬಹುದು.